ಗೂಟದ ಸಾಹೇಬರ ಹೊಳೆ

ಅವರ ಕೋಟಿನ ಬಲಜೇಬು ಎಡಜೇಬಿಗಿಂತ ನಾಲ್ಕು ಬೆರಳು ಕೆಳಗೆ ಜೋತುಬಿದ್ದಿರುತ್ತಿತ್ತು. ಅದರ ತುಂಬ ಕಲ್ಲು. ಗೋಲಿಗಿಂತ ದೊಡ್ಡವು, ನಿಂಬೆಹಣ್ಣಿಗಿಂತ ಚಿಕ್ಕವು, ಎಲ್ಲವೂ ದುಂಡಗೆ, ನುಣ್ಣಗೆ. ನಡೆದಾಗ ಕಟಕಟ ಸದ್ದು ಬರುತ್ತಿದ್ದುದರಿಂದ ಅವರಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ನಮಗೆ ಗೊತ್ತಾಗಿಬಿಡುತ್ತಿತ್ತು. ಆ ಭಾರಕ್ಕೆ ಬಲಭುಜವೂ ಒಂದಿಷ್ಟು ಇಳಿದು, ಮನುಷ್ಯ ಒಂದು ಕಡೆಗೆ ವಾಲಿಕೊಂಡೇ ಬರುವಂತೆ ಕಾಣುತ್ತಿದ್ದರು. ಮೂಗಿನ ಕೆಳಗೆ ನಶ್ಯದ ಕಂದು ಗೆರೆ, ತಲೆಗೆ ಬಣ್ಣ ಹೋದ ಹ್ಯಾಟು, ಕಾಲಿಗೆ ಬೂಟು. ಒಂದು ಬೂಟಿಗೆ ಲೇಸು ಇತ್ತು, ಇನ್ನೊಂದಕ್ಕೆ ತಂತಿಯ ತುಂಡು.

ಊರಿನವರು ಅವರಿಗೆ ಗೂಟದ ಸಾಹೇಬರು ಎಂದು ಹೆಸರಿಟ್ಟಿದ್ದರು. ನೆಲದ ಒಳಗೇನಿದೆ ಎಂದು ಮೇಲಿನಿಂದಲೇ ಅಳೆದು ಹೇಳುವ ಸರ್ಕಾರಿ ಕೆಲಸ ಅವರದು. ಬಯಲಿನಲ್ಲಿ ಒಂದೇ ಸಾಲಿಗೆ ನಾಲ್ಕು ಕಬ್ಬಿಣದ ಗೂಟ ಹೊಡೆದು, ಅವಕ್ಕೆ ತಂತಿ ಸಿಕ್ಕಿಸಿ, ತಂತಿಗಳನ್ನೆಲ್ಲ ಮೀಟರು ಎನ್ನುವ ಒಂದು ಪೆಟ್ಟಿಗೆಗೆ ತಂದು ಸೇರಿಸಿ, ಪೆಟ್ಟಿಗೆಯ ಪಕ್ಕದ ಹಿಡಿಯನ್ನು ಗರಗರ ತಿರುಗಿಸುತ್ತಿದ್ದರು. ಒಳಗಿನ ಮುಳ್ಳು ಅಲ್ಲಾಡಿ ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಅದನ್ನು ಬರೆದುಕೊಂಡು, ಗೂಟ ಕಿತ್ತು, ಇನ್ನಷ್ಟು ದೂರ ದೂರ ಹೊಡೆದು ಮತ್ತೆ ಗರಗರ. ಮೊದಲ ದಿನ ಆ ಪೆಟ್ಟಿಗೆ ನೋಡಿದ ಮುದುಕನೊಬ್ಬ, “ಸಾಯೇಬ್ರು ಆರ್ಮೋನಿ ತಂದವ್ರೆ, ಸಂಜೀಕೆ ಭಜ್ನೆ ಐತೆ” ಎಂದು ಮನೆಮನೆಗೂ ಹೇಳಿ ಬಂದಿದ್ದ. ಸಂಜೆ ಇಪ್ಪತ್ತು ಜನ ಚಾಪೆ ಸಮೇತ ಬಂದು ಕೂತುಬಿಟ್ಟರು. ಸಾಹೇಬರು ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಹಿಡಿ ತಿರುಗಿಸುತ್ತಾ ತಾವೇ ಎರಡು ದೇವರನಾಮ ಹಾಡಿದರು. ಕಂಠ ಅಷ್ಟಕ್ಕಷ್ಟೆ, ಆದರೂ ಯಾರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ.

ನಾನು ಆಗ ಆ ಊರಿಗೆ ಗ್ರಾಮಸೇವಿಕೆ. ಅರವತ್ತರ ದಶಕದ ಮೊದಲ ವರ್ಷಗಳು. ಹಾಸನದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಮತ್ತು ಇಬ್ಬರು ತಂಗಿಯರ ಅನ್ನ ನನ್ನ ಸಂಬಳದ ಮೇಲೆ ನಿಂತಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಕಪ್ಪು ಚುಕ್ಕೆ ಬಿದ್ದರೂ ಮನೆಗೆ ಕಳಿಸುತ್ತೇನೆ ಎಂದು ಬ್ಲಾಕಿನ ದೊಡ್ಡ ಅಧಿಕಾರಿ ಬಿ.ಡಿ.ಓ. ತಿಂಗಳಿಗೊಮ್ಮೆ ತಪ್ಪದೆ ನೆನಪಿಸುತ್ತಿದ್ದರು. ಹೆಂಗಸರಿಗೆ ಹೊಗೆಯಿಲ್ಲದ ಒಲೆ ಕಟ್ಟುವುದು, ಮಕ್ಕಳಿಗೆ ಹಾಲಿನ ಪುಡಿ ಕಲಸುವುದು, ಮಹಿಳಾ ಮಂಡಳಿಯಲ್ಲಿ ಸ್ವಚ್ಛತೆಯ ಮಾತಾಡುವುದು ನನ್ನ ಕೆಲಸ. ನಾನು ಕಟ್ಟಿಕೊಟ್ಟ ಒಲೆಗಳಲ್ಲಿ ಹೆಚ್ಚಿನವರು ಕೋಳಿ ಕಾವಿಗೆ ಕೂರಿಸಿದ್ದರು. ಮಾತಿಗೇನೂ ಕೊರತೆಯಿರಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ದೊಡ್ಡದು. ಗೊತ್ತಿರುವುದನ್ನು ಹೇಳದೆ ಇರಲಾರೆ, ಅರ್ಧ ಗೊತ್ತಿರುವುದನ್ನಂತೂ ಖಂಡಿತ ಬಿಡಲಾರೆ.

ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನ ಮೊಮ್ಮಕ್ಕಳು ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಾರು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಎರಡು ಮೈಲಿ ನಡೆದರೆ ಸಿಗುತ್ತಿತ್ತು. ಊರ ಬಾವಿಯ ನೀರು ಸವುಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪಿಗೆ ನೊರೆ ಬರುತ್ತಿರಲಿಲ್ಲ. ಕುಡಿಯುವ ನೀರಿಗೆ ಹೆಂಗಸರು ಒಂದು ಮೈಲಿ ದೂರದ ಕೆರೆಗೆ ಹೋಗಬೇಕಿತ್ತು. ಊರ ಹೊರಗಿನ ಕೇರಿಯವರನ್ನು ಕೆರೆಯ ಸೋಪಾನಕ್ಕೆ ಬಿಡುತ್ತಿರಲಿಲ್ಲ. ಅವರು ಕೆರೆಯನ್ನು ಸುತ್ತು ಹಾಕಿ ಕೋಡಿಯ ಕಡೆ ಹೋಗಿ, ಅಲ್ಲಿ ನಿಂತ ನೀರನ್ನು ಬಟ್ಟೆಯಲ್ಲಿ ಸೋಸಿಕೊಂಡು ತರುತ್ತಿದ್ದರು. ಸರ್ಕಾರ ಆ ವರ್ಷ ಊರಿಗೆ ಒಂದು ಬಾವಿ ಮಂಜೂರು ಮಾಡಿತ್ತು. ಒಂದೇ ಒಂದು. ಅದನ್ನು ಎಲ್ಲಿ ತೋಡಬೇಕು ಎಂದು ಗುರುತು ಮಾಡಲು ಬಂದವರು ಗೂಟದ ಸಾಹೇಬರು.

ಆದರೆ ಅವರ ಮನಸ್ಸು ಬಾವಿಯಲ್ಲಿರಲಿಲ್ಲ, ಹೊಳೆಯಲ್ಲಿತ್ತು. ಅರಕಲಗೂಡು ಸೀಮೆಯವರು ಅವರು. ಚಿಕ್ಕಂದಿನಲ್ಲಿ ತಮ್ಮ ಹೊಲ ಉಳುವಾಗ ನೇಗಿಲಿಗೆ ಹೊಳೆಗಲ್ಲು ಸಿಗುತ್ತಿದ್ದವಂತೆ. ಹೊಳೆ ಐದು ಮೈಲಿ ದೂರ, ಇಲ್ಲಿಗೆ ಈ ಕಲ್ಲು ಹೇಗೆ ಬಂತು ಎಂದು ಕೇಳಿ ಅಪ್ಪನ ಕೈಲಿ ಏಟು ತಿಂದಿದ್ದರಂತೆ. ಏಟಿಗೆ ಉತ್ತರ ಸಿಗಲಿಲ್ಲ, ಅದಕ್ಕೇ ಈ ಓದು ಓದಿದೆ ಎನ್ನುತ್ತಿದ್ದರು. ಯಾವುದೋ ಕಾಲದಲ್ಲಿ ಹೇಮಾವತಿ ಈಗಿನ ಪಾತ್ರ ಬಿಟ್ಟು ಬಡಗಣಕ್ಕೆ ಹರಿಯುತ್ತಿದ್ದಳು, ಆ ಹಳೆಯ ಪಾತ್ರ ಮಣ್ಣು ಮುಚ್ಚಿಕೊಂಡು ಇವತ್ತಿಗೂ ಕೆಳಗೆ ಮಲಗಿದೆ ಎಂಬುದು ಅವರ ನಂಬಿಕೆ.

“ಮನೆ ಬದಲಾಯಿಸಿದಾಳೆ ನೋಡಿ, ಅಷ್ಟೆ,” ಎನ್ನುತ್ತಿದ್ದರು. “ಆದರೆ ಸಾಮಾನೆಲ್ಲ ಹಳೇ ಮನೇಲೇ ಬಿಟ್ಟು ಹೋಗಿದಾಳೆ. ಮರಳು, ದುಂಡುಗಲ್ಲು, ಸ್ವಲ್ಪ ನೀರು. ನಾವು ಹೋಗಿ ಬಾಗಿಲು ತಟ್ಟಬೇಕು.”

ಬಾವಿಗೆ ಜಾಗ ಗುರುತು ಮಾಡಲು ಇಲಾಖೆ ಎಲ್ಲಿಗೆ ಕಳಿಸಿದರೂ ಅವರು ಬಾವಿಯ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಹೊಳೆಯನ್ನು ಹುಡುಕುತ್ತಿದ್ದರು. ಹತ್ತು ವರ್ಷದಿಂದ ಹೀಗೆ ಒಂದೊಂದೇ ಊರು ಸೇರಿಸಿಕೊಂಡು ಬಂದಿದ್ದರು. ದೊಡ್ಡ ನಕ್ಷೆಯೊಂದಿತ್ತು. ಗೂಟ ಹೊಡೆದು ಖಾತ್ರಿಯಾದ ಕಡೆಯೆಲ್ಲ ನೀಲಿ ಪೆನ್ಸಿಲಿನ ಗೆರೆ. ಅರಕಲಗೂಡಿನಲ್ಲಿ ಹೊರಟ ಗೆರೆ ಕೊಂಕುತ್ತಾ ಬಳುಕುತ್ತಾ ನಮ್ಮ ಊರಿನ ಹತ್ತಿರದವರೆಗೆ ಬಂದಿತ್ತು. ಮುಂದೆ ಚನ್ನರಾಯಪಟ್ಟಣದ ಕಡೆಗೆ ಎಲ್ಲಿಗೆ ಹೋಗಿ ಎಲ್ಲಿ ತಿರುಗಿಕೊಂಡಳು ಎಂದು ಕಂಡುಹಿಡಿದುಬಿಟ್ಟರೆ ಜನ್ಮ ಸಾರ್ಥಕ ಎನ್ನುತ್ತಿದ್ದರು. “ಇನ್ನು ಎರಡು ಬೇಸಿಗೆ ಸಾಕು ಸೇವಿಕಮ್ಮ. ಎರಡೇ ಬೇಸಿಗೆ.” ನನ್ನನ್ನು ಅವರು ಕರೆಯುತ್ತಿದ್ದುದು ಸೇವಿಕಮ್ಮ ಎಂದೇ.

ಕೆಲಸದಲ್ಲಿ ಅವರ ಶಿಸ್ತು ವಿಚಿತ್ರ. ಮುಳ್ಳು ನಿಲ್ಲುವವರೆಗೆ ಸುತ್ತ ಯಾರೂ ಮಾತಾಡಬಾರದು. ಮಾತಾಡಿದರೆ ಮುಳ್ಳಿಗೆ ಕೇಳಿಸುತ್ತದೆಯೇ ಎಂದು ನಾನೊಮ್ಮೆ ಕೆಣಕಿದೆ. “ಅದಕ್ಕೆ ಕೇಳಲ್ಲಮ್ಮ, ನನಗೆ ಕೇಳುತ್ತೆ” ಎಂದರು. ಮುಳ್ಳು ನಿಂತು, ಅಂಕಿ ಬರೆದಾದ ಮೇಲೆ ಒಂದು ಚಿಟಿಕೆ ನಶ್ಯ, ಒಂದು ಭಾರಿ ಸೀನು. ಆ ಸೀನು ಕೇಳಿದ ಮೇಲೆಯೇ ಎಲ್ಲರೂ ಉಸಿರು ಬಿಡುತ್ತಿದ್ದುದು. ತಂತಿಯ ಸುರುಳಿ ಹೊರಲು ಕೂಲಿಗೆ ಬರುತ್ತಿದ್ದವಳು ಕೇರಿಯ ಕೆಂಪಮ್ಮ. ನಾಲ್ಕೇ ದಿನದಲ್ಲಿ ಅವಳು ಮುಳ್ಳಿನ ನಡವಳಿಕೆಯನ್ನೆಲ್ಲ ಕಲಿತುಬಿಟ್ಟಳು. ಒಣ ಬಂಡೆಯಿದ್ದರೆ ಕರೆಂಟನ್ನು ತಡೆಯುತ್ತದೆ, ಮುಳ್ಳು ಮೇಲಕ್ಕೆ. ನೀರು ಕುಡಿದ ಮರಳಿದ್ದರೆ ದಾರಿ ಬಿಡುತ್ತದೆ, ಮುಳ್ಳು ಕೆಳಕ್ಕೆ. ಸಾಹೇಬರು ಬಾಯಿ ತೆರೆಯುವ ಮೊದಲೇ “ಬಂಡೆ ಸಾ” ಎಂದು ಹೇಳಿ ಗೂಟ ಕೀಳಲು ಹೊರಡುತ್ತಿದ್ದಳು. ಸಾಹೇಬರಿಗೆ ಅದರಿಂದ ಭಾರಿ ಖುಷಿ.

ಗೂಟ ಹೊಡೆದಾಗ ಇನ್ನೊಂದು ಕೆಲಸವಿತ್ತು. ನೆಲ ಒಣಗಿದ್ದರೆ ಕಬ್ಬಿಣಕ್ಕೂ ಮಣ್ಣಿಗೂ ಸರಿಯಾಗಿ ಹೊಂದಿಕೆಯಾಗುವುದಿಲ್ಲ. ಅದಕ್ಕೆ ಪ್ರತಿ ಗೂಟದ ಬುಡಕ್ಕೆ ಒಂದು ಲೋಟ ಉಪ್ಪುನೀರು ಹುಯ್ಯುತ್ತಿದ್ದರು. ಒಂದು ಲೋಟ, ಹೆಚ್ಚಿಲ್ಲ ಕಡಿಮೆಯಿಲ್ಲ. ಇಷ್ಟನ್ನು ನೆನಪಿನಲ್ಲಿಡಿ.

ಮೊದಲ ವಾರದ ಅಳತೆಯಲ್ಲಿ ಹೊಳೆ ಸಿಕ್ಕಿತು. ಸಿಕ್ಕಿದ್ದು ಕೇರಿಯ ಹಿಂದೆ, ಕೆಂಪಮ್ಮನ ಹಿತ್ತಲಿಗೆ ಅಂಟಿಕೊಂಡು. ಅಲ್ಲಿ ಮುಳ್ಳು ಮೂರು ಸಲವೂ ಒಂದೇ ಕಡೆ ಬಂದು ನಿಂತಿತು. ಸಾಹೇಬರು ಒಂದು ಮರದ ಗೂಟ ನೆಟ್ಟು ಸುಣ್ಣ ಬಳಿದರು.

ಕೆಂಪಮ್ಮ ಸುರುಳಿ ಕೆಳಗಿಟ್ಟು ಆ ಗೂಟವನ್ನೇ ನೋಡಿದಳು. “ನಮ್ ಇತ್ಲಲ್ಲೇ ವೊಳೆ ಮಲಗೈತೆ ಅಂತೀರಾ ಸಾ? ನಮ್ಮತ್ತೆ ಅರ್ಧ ಆಯಸ್ಸು ಕೊಡ ವತ್ತೇ ಸವ್ಸಿದ್ಲು” ಎಂದಳು.

ಈ ಸುದ್ದಿ ಗೌಡರ ಮನೆಗಳಿದ್ದ ಮೇಲಿನ ಬೀದಿಗೆ ಹೋದಾಗ ಅಲ್ಲಿ ಒಲೆ ಹತ್ತಲಿಲ್ಲ. ಪಟೇಲರ ತಾಯಿ, ಊರಿಗೆಲ್ಲ ದೊಡ್ಡಗೌಡ್ತಿ, ನನ್ನ ಮಹಿಳಾ ಮಂಡಳಿಯ ಅಧ್ಯಕ್ಷೆ. ಎಪ್ಪತ್ತರ ಹತ್ತಿರದ ವಯಸ್ಸು, ಬಾಯಿ ತುಂಬ ಎಲೆಯಡಿಕೆ. ನೇರವಾಗಿ ಸಾಹೇಬರ ಬಿಡಾರಕ್ಕೇ ಬಂದರು.

“ನಮ್ ಮನೆ ಎಣ್ಮಕ್ಳು ಕೊಡ ವತ್ಕಂಡು ಕೇರೀಗೆ ಓಗ್ಬೇಕಾ? ಅದೆಂಗಾದಾತು ಸಾಯೇಬ್ರೆ? ನಿಮ್ ಮುಳ್ಗೆ ಒಸಿ ಬುದ್ದಿ ಯೋಳಿ.”

“ಮುಳ್ಳು ನನ್ನ ಮಾತೇ ಕೇಳಲ್ಲ ತಾಯಿ,” ಎಂದರು ಸಾಹೇಬರು. “ಹೊಳೆ ಹರಿಯೋ ಕಾಲಕ್ಕೆ ಇಲ್ಲಿ ಊರೂ ಇರಲಿಲ್ಲ, ಕೇರೀನೂ ಇರಲಿಲ್ಲ. ಅವಳನ್ನ ಬೈದು ಏನು ಮಾಡ್ತೀರಿ?”

ಗೌಡ್ತಿ ಬಿಡಲಿಲ್ಲ. ಮೇಲಿನ ಬೀದಿಯ ಹಿಂದಿನ ಬಯಲನ್ನೂ ಒಮ್ಮೆ ಅಳೆಯಲೇಬೇಕೆಂದರು. ನೋಡುವುದರಲ್ಲಿ ತಪ್ಪೇನು ಎಂದು ಸಾಹೇಬರು ಒಪ್ಪಿಕೊಂಡರು. ಅಷ್ಟರಲ್ಲಿ ಪೆಟ್ಟಿಗೆಯ ಹಿಡಿ ಮುರಿಯಿತು. ಅದನ್ನು ಬೆಸುಗೆ ಹಾಕಿಸಲು ಹೊಳೆನರಸೀಪುರಕ್ಕೆ ಹೋದರು. ಬುಧವಾರ ಹೋದವರು ಶನಿವಾರ ಬರುವವರಿದ್ದರು.

ಆ ಬುಧವಾರ ಮಧ್ಯಾಹ್ನ ನನ್ನ ಮಹಿಳಾ ಮಂಡಳಿ ಸೇರಿತು. ಹೊಗೆಯಿಲ್ಲದ ಒಲೆಯ ವಿಷಯ ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ಪೆಟ್ಟಿಗೆಯ ವಿಷಯವೇ ಬೇಕು. ಇಷ್ಟು ದಿನಕ್ಕೆ ನನ್ನ ಮಾತು ಕೇಳುವವರು ಸಿಕ್ಕರಲ್ಲ ಎಂದು ನಾನೂ ಉಬ್ಬಿಹೋದೆ. ಗೂಟ, ತಂತಿ, ಕರೆಂಟು, ಬಂಡೆ, ಮರಳು ಎಲ್ಲವನ್ನೂ ಸಾಹೇಬರೇ ನನ್ನ ಹತ್ತಿರ ಕಲಿತವರಂತೆ ವಿವರಿಸಿದೆ. ಗೌಡ್ತಿ ಕೇಳಿದರು, “ಆ ಉಪ್ನೀರು ಯಾಕವ್ವ ಉಯ್ತಾರೆ?”

“ಉಪ್ಪುನೀರು ಹುಯ್ದರೆ ಭೂಮಿ ಕರೆಂಟಿಗೆ ಸಲೀಸಾಗಿ ದಾರಿ ಬಿಡುತ್ತೆ ಗೌಡ್ತಮ್ಮ. ಮುಳ್ಳು ತಟ್ಟನೆ ಕೆಳಗಿಳಿಯುತ್ತೆ” ಎಂದೆ. ಅವರು ತಲೆಯಾಡಿಸಿದರು. ನನಗೆ ಅದು ನನ್ನ ಪಾಂಡಿತ್ಯಕ್ಕೆ ಸಂದ ಗೌರವದಂತೆ ಕಂಡಿತು. ಸಂಜೆಯ ಬಸ್ಸಿಗೆ ಅಮ್ಮನನ್ನು ನೋಡಿಬರಲು ಹಾಸನಕ್ಕೆ ಹೋದೆ.

ನಾನಿಲ್ಲದಾಗ ಆದದ್ದು ನನಗೆ ಎಲ್ಲ ಮುಗಿದ ಮೇಲೆಯೇ ತಿಳಿಯಿತು. ಗುರುವಾರ ಬೆಳಿಗ್ಗೆ ಮೇಲಿನ ಬೀದಿಯ ಒಂದೊಂದು ಮನೆಯಿಂದಲೂ ಒಂದೊಂದು ಮೊರ ಉಪ್ಪು ಹೊರಟಿತು. ಶುಕ್ರವಾರ ಮನೆಯಿಂದ ಉಪ್ಪು ಆಚೆ ಹೋಗಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ, ಅದಕ್ಕೆ ಗುರುವಾರವೇ ಮುಗಿಸಿದರು. ಅರಿಶಿನ ಕುಂಕುಮ ಇಟ್ಟು, ಗಂಗಮ್ಮನ ಹೆಸರು ಹೇಳಿ, ಬಯಲಿನ ಉದ್ದಕ್ಕೂ ಗೌಡ್ತಿಯ ಮುಂದಾಳತ್ವದಲ್ಲಿ ಉಪ್ಪು ಎರಚಿ ನೀರು ಹುಯ್ದರು. ಮೋಸ ಮಾಡುತ್ತಿದ್ದೇವೆ ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಒಂದು ಲೋಟಕ್ಕೆ ಭೂಮಿ ಅಷ್ಟು ದಾರಿ ಬಿಟ್ಟರೆ ಇಪ್ಪತ್ತು ಸೇರಿಗೆ ಹೊಳೆಯೇ ಇತ್ತ ತಿರುಗೀತು ಎಂದು ನಿಜವಾಗಿ ನಂಬಿದ್ದರು. ಹರಕೆಯ ಹರಕೆ, ಉಪಾಯದ ಉಪಾಯ. ಶುಕ್ರವಾರ ಸಂಜೆ ಒಂದು ಹದವಾದ ಮಳೆ ಬಿದ್ದು, ಇದ್ದಬದ್ದ ಉಪ್ಪನ್ನೆಲ್ಲ ಕರಗಿಸಿ ಮಣ್ಣಿಗೆ ಇಳಿಸಿತು.

ಶನಿವಾರ ಸಾಹೇಬರು ಬಂದು ಅಲ್ಲಿ ಗೂಟ ಹೊಡೆದರು. ಮುಳ್ಳು ದೊಪ್ಪನೆ ಕೆಳಗೆ ಬಿತ್ತು. ನಶ್ಯದ ಡಬ್ಬಿ ತೆಗೆದವರು ಹಾಗೆಯೇ ಜೇಬಿಗೆ ಹಾಕಿದರು. “ಇಷ್ಟು ಕೆಳಗೆ ಬರಬಾರದಲ್ಲ,” ಎಂದು ಎರಡು ಸಲ ಹೇಳಿಕೊಂಡರು. “ನಿನ್ನೆ ಮಳೆ ಬಂದಿದೆ, ಅದಕ್ಕೇ ಇರಬೇಕು. ನೆಲ ಒಣಗಲಿ, ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡೋಣ.” ಕೆಂಪಮ್ಮನಂತೂ ಮುಳ್ಳನ್ನೂ ನೆಲವನ್ನೂ ಅನುಮಾನದಿಂದ ನೋಡಿ, “ಈ ಮಣ್ಣು ಸರಿಯಿಲ್ಲ ಸಾ” ಎಂದಿದ್ದಳು. ಆದರೆ ಬಿ.ಡಿ.ಓ. ಅಲ್ಲೇ ಇದ್ದರು. ಮಾರ್ಚ್ ಮುಗಿಯುವುದರೊಳಗೆ ಬಾವಿ ಶುರುವಾಗದಿದ್ದರೆ ಮಂಜೂರಾತಿಯೇ ರದ್ದಾಗುತ್ತದೆ, ವಾರವೂ ಇಲ್ಲ ದಿನವೂ ಇಲ್ಲ ಎಂದರು. ಪಟೇಲರೂ ಅದಕ್ಕೇ ತಾಳ ಹಾಕಿದರು. ಸಾಹೇಬರು ಇನ್ನೊಂದು ಸಲ ಅಳೆಯದೆ ಸಹಿ ಹಾಕಿದರು. ಅಷ್ಟು ವರ್ಷದಲ್ಲಿ ಅವರು ಮುಳ್ಳಿಗಿಂತ ಮನುಷ್ಯರ ಮಾತು ಕೇಳಿದ್ದು ಅದೊಂದೇ ಸಲವಂತೆ.

ಮೂವತ್ತೈದು ಅಡಿ ತೋಡಿದರು. ಮೇಲೆ ಕೆಮ್ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರೀಬಂಡೆ. ನೀರಿನ ಸುಳಿವೇ ಇಲ್ಲ. ಸರ್ಕಾರದ ಒಂದೇ ಒಂದು ಬಾವಿ ಒಣಗುಂಡಿಯಾಗಿ ಬಾಯಿ ಬಿಟ್ಟುಕೊಂಡು ನಿಂತಿತು.

ಬಿ.ಡಿ.ಓ. ಜೀಪಿನಲ್ಲಿ ಬಂದರು. ಊರೆಲ್ಲ ಗುಂಡಿಯ ಸುತ್ತ ಸೇರಿತ್ತು. ಮೇಲಿನ ಬೀದಿಯವರು ಒಂದು ಕಡೆ, ಕೇರಿಯವರು ದೂರದಲ್ಲಿ ಇನ್ನೊಂದು ಕಡೆ. ನಾನು ಮಧ್ಯದಲ್ಲಿ ರಿಜಿಸ್ಟರು ಹಿಡಿದುಕೊಂಡು ನಿಂತಿದ್ದೆ. ಸಾಹೇಬರಿಗೆ ಎಲ್ಲರೆದುರಿಗೂ ಮಂಗಳಾರತಿ ಶುರುವಾಯಿತು. ಸರ್ಕಾರದ ಮೀಟರು, ಸರ್ಕಾರದ ಸಂಬಳ, ಕೊನೆಗೆ ಇಂಥ ಫಲ ಎಂದು ಬಿ.ಡಿ.ಓ. ಕೂಗಾಡುತ್ತಿದ್ದಾಗ ದೊಡ್ಡಗೌಡ್ತಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ನ್ಯಾಯವಂತ ಹೆಂಗಸು.

“ಸಾಯೇಬ್ರನ್ನ ಯಾಕೆ ಬೈತೀರಿ ಸಾ? ನಾವೂ ಕಮ್ಮಿ ಮಾಡ್ನಿಲ್ಲ ಕಣಪ್ಪ. ಇಪ್ಪತ್ ಸೇರು ಉಪ್ಪು ಉಯ್ದಿವಿ. ಆದ್ರೂ ಈ ಮುಂಡೇದು ನೀರ್ ಬುಡ್ನಿಲ್ವಲ್ಲ, ನಾವೇನ್ ಮಾಡನ?”

ಸಾಹೇಬರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡರು. ಆಮೇಲೆ ಕಣ್ಣು ಮುಚ್ಚಿದರು.

ಬಿ.ಡಿ.ಓ. ಕೇಳಿದರು, “ಉಪ್ಪು ಹಾಕಬೇಕು ಅಂತ ಯಾರು ಹೇಳಿಕೊಟ್ಟಿದ್ದು ನಿಮಗೆ?”

ಗೌಡ್ತಿಯ ಕಣ್ಣು ನನ್ನ ಕಡೆ ತಿರುಗಿತು. “ಅದೇ, ನಮ್ ಸೇವ್ಕಮ್ಮ...” ಎಂದು ಶುರುಮಾಡಿದರು. ಅಮ್ಮನ ಮುಖ, ತಂಗಿಯರ ಶಾಲೆಯ ಲಂಗ, ಎಲ್ಲ ಕಣ್ಣ ಮುಂದೆ ಬಂದವು.

“ನಾನೇ ಹೇಳಿದ್ದು,” ಎಂದರು ಸಾಹೇಬರು, ಗೌಡ್ತಿಯ ಮಾತು ಮುಗಿಯಲು ಬಿಡದೆ. “ಸೇವಿಕಮ್ಮನ ಮನೆ ಹತ್ತಿರ ನಿಂತಿದ್ದಾಗ ಈ ತಾಯಂದಿರು ಕೇಳಿದರು, ನಾನೇ ಹೇಳಿದೆ. ಅರ್ಧ ಹೇಳಿ ಅರ್ಧ ಬಿಟ್ಟೆ. ಆಮೇಲೆ ಅನುಮಾನ ಬಂದರೂ ಎರಡನೇ ಸಲ ಅಳೆಯಲಿಲ್ಲ. ಉಪ್ಪು ತಿಂದೋನು ನೀರು ಕುಡೀಬೇಕು ಸ್ವಾಮಿ. ತಿಂದವನು ನಾನು. ಬರೆದುಕೊಳ್ಳಿ.”

ಬಿ.ಡಿ.ಓ. ಬರೆದುಕೊಂಡರು. ಸಾಹೇಬರೂ ತಮ್ಮ ವರದಿಯಲ್ಲಿ ಅದನ್ನೇ ಬರೆದು ಸಹಿ ಹಾಕಿ ಕೊಟ್ಟರು. ಗೌಡ್ತಿ ನನ್ನ ಮುಖ ನೋಡಿದರು, ಸಾಹೇಬರ ಮುಖ ನೋಡಿದರು, ಎಲೆಯಡಿಕೆ ಉಗುಳಿ ಸುಮ್ಮನಾದರು. ಆ ಹೆಂಗಸು ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಜೀಪು ಹೋದ ಮೇಲೆ ನಾನು ಸಾಹೇಬರನ್ನು ಹುಡುಕಿಕೊಂಡು ಹೋದೆ. ಒಬ್ಬರೇ ಕೂತು ತಂತಿ ಸುತ್ತುತ್ತಿದ್ದರು. ಬಿ.ಡಿ.ಓ. ಹತ್ತಿರ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ, ಹೇಳುತ್ತಾ ಹೇಳುತ್ತಾ ಅತ್ತೆ.

“ಇಲ್ಲಿ ಅಳಬೇಡಮ್ಮ,” ಎಂದರು. “ಕಣ್ಣೀರಲ್ಲೂ ಉಪ್ಪಿದೆ. ನೆಲಕ್ಕೆ ಬಿದ್ದರೆ ಮತ್ತೆ ಮೀಟರು ಕೆಡುತ್ತೆ.”

ನನಗೆ ಅಳುವಿನ ಮಧ್ಯೆಯೇ ನಗು ಬಂತು. ಅವರೂ ನಕ್ಕರು. ಆಮೇಲೆ ಗಂಭೀರವಾಗಿ, “ನೀನು ಹೇಳಿದ್ದರಲ್ಲಿ ತಪ್ಪೇನಿತ್ತು? ಉಪ್ಪು ಹಾಕಿದರೆ ಮುಳ್ಳು ಇಳಿಯುತ್ತೆ, ನಿಜ ತಾನೇ. ಪಾಠ ಸರಿಯಾಗಿಯೇ ಮಾಡಿದ್ದೀಯ. ಶಿಷ್ಯರು ಸ್ವಲ್ಪ ಜಾಸ್ತಿ ಚುರುಕು. ಹೋಗು, ಒಲೆ ಕಟ್ಟು ಹೋಗು” ಎಂದರು. ಆವತ್ತಿನವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಆವತ್ತಿನಿಂದ ಏಕವಚನಕ್ಕೆ ಬಂದರು. ನನಗೆ ಅದು ಬಡ್ತಿ ಸಿಕ್ಕಿದಂತಾಯಿತು.

ಮಾರನೆಯ ದಿನ ಕೆಂಪಮ್ಮ ಗಂಡನನ್ನೂ ಕೇರಿಯ ಏಳೆಂಟು ಜನರನ್ನೂ ಕರೆದುಕೊಂಡು ಸಾಹೇಬರ ಬಿಡಾರದ ಮುಂದೆ ಬಂದು ನಿಂತಳು. “ಮೊದ್ಲು ನೆಟ್ರಲ್ಲ ಸಾ, ಸುಣ್ಣದ ಗೂಟ. ಅದ್ಕೆ ಯಾರೂ ಉಪ್ಪಾಕಿಲ್ಲ. ನೀವು ಊ ಅನ್ನಿ, ನಾವೇ ಅಗೀತೀವಿ.”

ಸಾಹೇಬರು ಅರ್ಧ ನಿಮಿಷವೂ ಯೋಚಿಸಲಿಲ್ಲ, ಹೂಂ ಎಂದರು.

ಸರ್ಕಾರದ್ದೇನೂ ಇಲ್ಲ. ಕೇರಿಯವರು ಕೂಲಿ ಮುಗಿಸಿ ಬಂದು ಸಂಜೆ ಅಗೆಯುತ್ತಿದ್ದರು. ನಾನೂ ಸೀರೆ ಸೆರಗು ಸಿಕ್ಕಿಸಿ ಮಂಕರಿ ಹೊತ್ತೆ. ಗ್ರಾಮಸೇವಿಕೆಯ ಕೆಲಸವನ್ನು ನಾನು ನಿಜವಾಗಿ ಮಾಡಿದ್ದು ಆ ದಿನಗಳಲ್ಲೇ ಇರಬೇಕು. ಹದಿನೆಂಟು ಅಡಿಗೆ ಮರಳು ಸಿಕ್ಕಿತು. ಆ ಸುದ್ದಿಗೆ ಮೇಲಿನ ಬೀದಿಯ ನಾಲ್ಕು ಗಂಡಸರು ಬಂದು ಗಡಾರಿ ಹಿಡಿದರು. ಅವರನ್ನು ಕಳಿಸಿದವರು ದೊಡ್ಡಗೌಡ್ತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಪ್ಪತ್ತಾರು ಅಡಿಗೆ ಮಂಕರಿಯಲ್ಲಿ ದುಂಡುಗಲ್ಲು ಬರತೊಡಗಿದಾಗ ಸಾಹೇಬರು ಹ್ಯಾಟು ತೆಗೆದು ನನ್ನ ಕೈಗೆ ಕೊಟ್ಟು, ಹಗ್ಗ ಹಿಡಿದುಕೊಂಡು ಕೆಳಗಿಳಿದರು. ಐವತ್ತರ ಮೇಲಿನ ಮನುಷ್ಯ. ಮೇಲಿನಿಂದ ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಸೀನು ಕೇಳಿಸಿತು. ಕೆಂಪಮ್ಮ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಕೊಂಡಳು.

ಎರಡು ದಿನದಲ್ಲಿ ಸೊಂಟದವರೆಗೆ ನೀರು. ಸಿಹಿಯಾದ, ತಣ್ಣಗಿನ, ಬೇಳೆ ಬೇಯುವ ನೀರು. ಬಾವಿಯ ಎರಡು ಕಡೆ ಎರಡು ರಾಟೆ ಹಾಕಿದರು, ಕೇರಿಗೊಂದು, ಮೇಲಿನ ಬೀದಿಗೊಂದು. ಮೊದಲ ದಿನ ಕೊಡ ಹಿಡಿದುಕೊಂಡು ಬಂದವರು ದೊಡ್ಡಗೌಡ್ತಿಯೇ. ಹಿಂದೆ ಬರಲು ಅನುಮಾನಿಸುತ್ತಿದ್ದ ಸೊಸೆಯರ ಕಡೆ ತಿರುಗಿ, “ಬನ್ರೇ. ವೊಳೇದು ಯಾವ್ ಜಾತಿ ಅಂತ ಸಾಯೇಬ್ರು ನಾಕ್ ಗೂಟ ವಡ್ದು ನೋಡವ್ರೆ, ಮುಳ್ಳು ಏನೂ ಯೋಳ್ನಿಲ್ವಂತೆ” ಎಂದರು. ಒಂದು ವರ್ಷ ಅವರವರು ಅವರವರ ರಾಟೆಯಲ್ಲೇ ಸೇದಿದರು. ಮುಂದಿನ ಬೇಸಿಗೆಯಲ್ಲಿ ಒಂದು ರಾಟೆಯ ಹಗ್ಗ ಹರಿಯಿತು, ಬೇರೆ ಹಗ್ಗ ತರಲು ಯಾರೂ ಹೊಳೆನರಸೀಪುರಕ್ಕೆ ಹೋಗಲಿಲ್ಲ. ಎಲ್ಲರೂ ಉಳಿದೊಂದರಲ್ಲೇ ಸೇದುತ್ತಾ ಹೋದರು. ಹಾಗಂತ ಊರು ಬದಲಾಗಿಹೋಯಿತು ಎಂದು ನಾನೇನೂ ಹೇಳುವುದಿಲ್ಲ. ಜಗಳಗಳು ಆಮೇಲೂ ಇದ್ದವು, ಆದರೆ ಅವು ಬಾವಿಯ ಕಟ್ಟೆಯ ಮೇಲೆಯೇ ಆಗುತ್ತಿದ್ದವು.

ಆ ಬಾವಿ ಯಾವ ಫೈಲಿನಲ್ಲೂ ಇರಲಿಲ್ಲ. ಫೈಲಿನಲ್ಲಿಲ್ಲದ ಬಾವಿಗೆ ನೀರು ಬಂದರೆ ಸರ್ಕಾರದ ಲೆಕ್ಕಕ್ಕೆ ಅದು ಬಂದಂತಲ್ಲ.

ನೀರು ಬಂದ ವಾರದಲ್ಲೇ ಸಾಹೇಬರು ಹೊರಟರು. ಪೆಟ್ಟಿಗೆ ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ, “ರಿಪೇರಿಗೆ ಕಳಿಸಿದೀನಿ. ಅದಕ್ಕೂ ವಯಸ್ಸಾಯಿತು” ಎಂದರು. ಮುಂದೆ ಅವರನ್ನು ಹಾಸನದಲ್ಲಿ ರಸ್ತೆಗೆ ಹಾಕುವ ಜಲ್ಲಿ ಪರೀಕ್ಷಿಸುವ ಕಡೆ ಹಾಕಿದರು. ಅಲ್ಲಿಗೆ ನಾನು ಆಗಾಗ ಹೋಗುತ್ತಿದ್ದೆ. ಮೇಜಿನ ಮೇಲೆ ಜಲ್ಲಿಯ ಗುಡ್ಡೆಗಳು, ಅವರು ನಡುವೆ ಕೂತು ನಶ್ಯ ಹಾಕುತ್ತಿದ್ದರು. “ಮೊದಲು ನಾನು ಕಲ್ಲು ಹುಡುಕಿಕೊಂಡು ಹೋಗುತ್ತಿದ್ದೆ. ಈಗ ಕಲ್ಲೇ ನನ್ನ ಹತ್ತಿರ ಬರುತ್ತೆ. ದೊಡ್ಡ ಮನುಷ್ಯ ಆಗಿಬಿಟ್ಟೆ” ಎಂದು ನಗಿಸುತ್ತಿದ್ದರು. ಹೊಳೆ ಎಲ್ಲಿಗೆ ಬಂತು ಎಂದು ಕೇಳಿದಾಗಲೆಲ್ಲ, “ಇದ್ದಾಳೆ, ಇದ್ದಾಳೆ” ಎಂದು ಕಾಫಿ ತರಿಸುತ್ತಿದ್ದರು. ನನ್ನ ಕೆಲಸ ಕಾಯಂ ಆದ ದಿನ ಮೊದಲು ಹೇಳಿದ್ದು ಅವರಿಗೇ. ಆಫೀಸಿಗೆಲ್ಲ ಜಿಲೇಬಿ ಹಂಚಿದರು, ತಮ್ಮ ಮಗಳಿಗೇ ಕೆಲಸ ಸಿಕ್ಕಿದ ಹಾಗೆ.

ಅರವತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅರಕಲಗೂಡಿನ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಒರಗಿದವರು ಮತ್ತೆ ಏಳಲಿಲ್ಲವಂತೆ. ಕಾಗದ ನನ್ನ ಕೈ ಸೇರಿದಾಗ ಕರ್ಮಾಂತರವೆಲ್ಲ ಮುಗಿದಿತ್ತು. ಬಸ್ಸು ಹತ್ತಿ ಹೋದೆ. ಅವರ ಹೆಂಡತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೇ ಏನಮ್ಮ ಉಪ್ಪಿನ ಹುಡುಗಿ?” ಎಂದರು.

ಒಳಗೆ ಕರೆದು ಕೂರಿಸಿದರು. ಗೋಡೆಯ ಮೇಲೆ ಆ ನಕ್ಷೆ ಇತ್ತು. ನೀಲಿ ಗೆರೆ ನಮ್ಮ ಊರಿನವರೆಗೆ ಬಂದು ಅಲ್ಲಿಗೇ ನಿಂತಿತ್ತು. ಒಂದು ಅಂಗುಲವೂ ಮುಂದೆ ಹೋಗಿರಲಿಲ್ಲ.

“ಮೀಟರು ರಿಪೇರಿಯಾಗಿ ಬರಲೇ ಇಲ್ಲವೇ?” ಎಂದು ಕೇಳಿದೆ.

“ರಿಪೇರಿ ಅಂದಿದ್ದರಾ ನಿನಗೆ?” ಎಂದು ಆಕೆ ನಕ್ಕರು. “ವಾಪಸ್ ಕಸಕೊಂಡರಲ್ಲಮ್ಮ. ನಾನೇ ಊರವರಿಗೆ ಉಪ್ಪು ಹಾಕೋದು ಹೇಳಿಕೊಟ್ಟೆ ಅಂತ ಕೈಯಾರ ಬರೆದುಕೊಟ್ಟ ಮನುಷ್ಯನಿಗೆ ಮತ್ತೆ ಯಾರು ಮೀಟರು ಕೊಡ್ತಾರೆ? ಆಮೇಲೆ ಸಾಯೋವರೆಗೂ ಇವರು ಗೂಟ ಮುಟ್ಟಲಿಲ್ಲ.”

ಅಷ್ಟು ದೊಡ್ಡ ಬಾಯಿ ಆವತ್ತು ಕಟ್ಟಿಹೋಗಿತ್ತು. ಆಕೆ ಲೋಟ ನನ್ನ ಕಡೆ ಸರಿಸಿ ತಾವೇ ಮುಂದುವರಿಸಿದರು.

“ನಾನೇನೂ ಸುಮ್ಮನಿರಲಿಲ್ಲ ಕಣಮ್ಮ, ಸುಳ್ಳು ಯಾಕೆ ಹೇಳಲಿ. ಹತ್ತು ವರ್ಷದ ಹೊಳೆ ಇನ್ನೆರಡು ಬೇಸಿಗೆಗೆ ಮುಗೀತಿತ್ತು, ಯಾರೋ ಗುರುತಿಲ್ಲದ ಹುಡುಗಿಗೋಸ್ಕರ ಬಿಟ್ಟು ಬಂದಿರಲ್ಲ ಅಂತ ಜಗಳ ಆಡಿದೆ. ಊಟಕ್ಕೆ ಕೂತಿದ್ದರು. ತಲೆ ಎತ್ತಲಿಲ್ಲ. ‘ಹೊಳೆ ಎಲ್ಲಿಗೂ ಹೋಗಲ್ಲ ಕಣೇ, ಇವತ್ತಲ್ಲ ನಾಳೆ ಯಾರಾದರೂ ಬಂದು ಹುಡುಕ್ತಾರೆ. ಆ ಹುಡುಗಿ ಕೆಲಸ ಹೋಗಿದ್ದರೆ ಅವಳಿಗೆ ಯಾರು ಹುಡುಕಿ ಕೊಡ್ತಿದ್ದರು?’ ಅಂದರು. ಆಮೇಲೆ ಇನ್ನೊಂದು ಸೌಟು ಸಾರು ಬಡಿಸು ಅಂದರು.”

ಆ ಕೆಲಸದಲ್ಲಿ ನಾನು ನಿವೃತ್ತಿಯಾಗುವವರೆಗೂ ಇದ್ದೆ. ಇಬ್ಬರು ತಂಗಿಯರನ್ನೂ ಓದಿಸಿದೆ, ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡೆ. ಹೊಳೆಯನ್ನು ಹುಡುಕಿಕೊಂಡು ಆ ಕಡೆಗೆ ಇದುವರೆಗೆ ಯಾರೂ ಬಂದಿಲ್ಲ.